ಮಕ್ಕಳು ಬಾಯಿ ಬಿಡಬೇಕಾದರೆ ದೊಡ್ಡವರು ಗುಟ್ಟು ಕಾಯಬೇಕು

ತಂದೆ-ತಾಯಂದಿರೇ, ಶಿಕ್ಷಕರೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ,

ಬಸ್‌ಸ್ಟ್ಯಾಂಡಿನ ಶೌಚಾಲಯದ ಗೋಡೆ ನೋಡಿದ್ದೀರಲ್ಲ? ‘ಗುಪ್ತರೋಗ, ಸ್ವಪ್ನಸ್ಖಲನ, ನರದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂಬ ಚೀಟಿ. ನಿದ್ದೆಯಲ್ಲಿ ವೀರ್ಯ ಹೋಗುವುದು ಹದಿಹರೆಯದಲ್ಲಿ ಸಹಜ, ಕಾಯಿಲೆಯೇ ಅಲ್ಲ. ಆದರೂ ಹೆದರಿದ ಹುಡುಗರು ಲಾಡ್ಜಿನಲ್ಲಿ ಕೂರುವ ನಕಲಿ ವೈದ್ಯನಿಗೆ ದುಡ್ಡು ಸುರಿಯುತ್ತಾರೆ. ಯಾರಿಗೂ ಗೊತ್ತಾಗದು ಎಂದು ಅವನು ಮಾತು ಕೊಡುತ್ತಾನೆ. ನಾವು ಕೊಟ್ಟಿಲ್ಲ.

ಸರ್ಕಾರಿ ವ್ಯವಸ್ಥೆ ಇಲ್ಲವೆಂದಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆಂದೇ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ತೆರೆದಿದ್ದಾರೆ. ಮುಟ್ಟಿನ ತೊಂದರೆ, ಪ್ರೇಮದ ಸಂಕಟ, ಸಾಯಬೇಕೆನಿಸುವ ಬೇಸರ, ಎಚ್‌ಐವಿ ಭಯ, ಏನನ್ನಾದರೂ ಅಲ್ಲಿ ಹೇಳಿಕೊಳ್ಳಬಹುದು. ಆದರೆ ಶಾಲೆಯ ಹೊತ್ತಿನಲ್ಲಿ, ಓಪಿಡಿ ಸಾಲಿನಲ್ಲಿ, ಪಕ್ಕದ ಮನೆಯ ಆಂಟಿಯ ಎದುರಿಗೇ ಒಂಬತ್ತನೇ ಕ್ಲಾಸಿನ ಹುಡುಗಿ ಹೇಗೆ ಹೋಗಿ ನಿಲ್ಲಬೇಕು?

ಆದ್ದರಿಂದ ಕ್ಲಿನಿಕ್ ವಾರಕ್ಕೊಂದು ದಿನವಾದರೂ ಶಾಲೆ ಬಿಟ್ಟ ಮೇಲೆ ನಡೆಯಲಿ. ಬಾಗಿಲು ಮುಚ್ಚುವ ಕೋಣೆ ಇರಲಿ. ಬಂದ ಕಾರಣವನ್ನು ಹೊರಗೆ ಕೂಗಿ ಕೇಳದಿರಲಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಯಾವುದನ್ನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ ಎಂಬುದನ್ನು ಆಪ್ತಸಮಾಲೋಚಕರು ಮೊದಲೇ ಹೇಳಲಿ. 18ರೊಳಗಿನವರೊಂದಿಗೆ ಲೈಂಗಿಕ ಸಂಪರ್ಕ, ಒಪ್ಪಿಗೆಯಿದ್ದರೂ, 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಈ ನಿಯಮವನ್ನು ಮುಚ್ಚಿಟ್ಟು ಮಗುವನ್ನು ಮಾತಾಡಿಸಿ, ಆಮೇಲೆ ಠಾಣೆಗೆ ಫೋನ್ ಮಾಡಿದರೆ ಆ ಊರಿನ ಇನ್ನೊಂದು ಮಗು ಅಲ್ಲಿಗೆ ಕಾಲಿಡುವುದಿಲ್ಲ.

ಮಗುವಿನ ಈ ನಂಬಿಕೆ ಬರೀ ಮನಸ್ಸಿನ ಮಾತಲ್ಲ, ದೇಹದ ಆರೋಗ್ಯದ ಮಾತೂ ಹೌದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಎಚ್‌ಐವಿ ತಗುಲದಂತೆ ತಡೆಯುವ ಔಷಧಿ ಇದೆ. ಆದರೆ 72 ಗಂಟೆಯೊಳಗೆ, ಆದಷ್ಟು ಬೇಗ ಶುರು ಮಾಡಬೇಕು. ‘ಅಮ್ಮ ಹೊಡೆಯುತ್ತಾಳೆ’ ಎಂದು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದ ಮಗುವಿಗೆ ಆ ದಾರಿಯೇ ಇರುವುದಿಲ್ಲ. ಸೋಂಕು ತಗುಲಿದರೂ ಬದುಕು ಮುಗಿಯಿತೆಂದಲ್ಲ: ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಔಷಧಿ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ, ಸೋಂಕಿತರ ವಿಷಯ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15–49 ವಯಸ್ಸಿನವರಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇದ್ದದ್ದು ಶೇ 21.6 ಮಹಿಳೆಯರಿಗೆ, ಶೇ 30.7 ಪುರುಷರಿಗೆ. ಮಕ್ಕಳಿಗೆ ಹೇಳಬೇಕಾದವರ ಗತಿಯೇ ಇದು!

‘ಮಕ್ಕಳಿಗೆ ಇವನ್ನೆಲ್ಲ ಹೇಳಿಕೊಟ್ಟರೆ ಕೆಡುತ್ತಾರೆ’ ಎನ್ನುತ್ತೀರಾ? 2007ರಲ್ಲಿ ಶಾಲೆಗಳಲ್ಲಿ ಲೈಂಗಿಕತೆ, ಎಚ್‌ಐವಿ ಕುರಿತ ಹದಿಹರೆಯದ ಶಿಕ್ಷಣಕ್ಕೆ ತಡೆಯೊಡ್ಡಿದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಪಾಠ ನಿಂತಿತು, ಮೊಬೈಲ್ ಬಂತು. ಈಗ ಪಾಠ ಮಾಡುತ್ತಿರುವುದು ಅದೇ. ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕತೆಗೆ ಇಳಿಯುವುದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊ ಹೇಳಿದೆ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ: ನಮ್ಮ ಸ್ನೇಹ ಕ್ಲಿನಿಕ್ ಎಲ್ಲಿದೆ, ಯಾವ ದಿನ, ಎಷ್ಟು ಹೊತ್ತಿಗೆ? ಉತ್ತರವನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಬರೆಸಿ. ಅದರ ಕೆಳಗೆ ಈ ಉಚಿತ ಸಂಖ್ಯೆಗಳೂ ಇರಲಿ. ಎಚ್‌ಐವಿ ಮಾಹಿತಿಗೆ 1097. ಮನಸ್ಸು ಕುಸಿದರೆ ಟೆಲಿ-ಮಾನಸ್ 14416. ಮಗು ಅಪಾಯದಲ್ಲಿದ್ದರೆ 1098.