ಕಡಲಾಚೆಯ ತೊಟ್ಟಿಲು

ತುಳುನಾಡಿನಲ್ಲಿ ತಲೆಮಾರುಗಳಿಂದ ಹೇಳುತ್ತ ಬಂದ ಒಂದು ಐತಿಹ್ಯವುಂಟು. ದೇವಪಾಂಡ್ಯನೆಂಬ ಅರಸನು ಹಡಗುಗಳನ್ನು ಕಟ್ಟಿಸಿ, ಸರಕು ತುಂಬಿಸಿ, ಕಡಲಿಗಿಳಿಸಲು ಸಿದ್ಧನಾಗಿದ್ದನಂತೆ. ಆಗ ಕುಂಡೋದರನೆಂಬ ಭೂತರಾಜನು ಎದುರಾಗಿ, ನರಬಲಿ ಕೊಟ್ಟಲ್ಲದೆ ಹಡಗು ಕದಲದೆಂದು ತಡೆದನು. ಅರಸನ ಮಡದಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ಅವನ ಸಹೋದರಿ ತನ್ನ ಮಗನನ್ನು ತಂದೊಪ್ಪಿಸಿದಳು. ಭೂತವು ಮೆಚ್ಚಿ ಆ ಬಾಲಕನನ್ನು ಉಳಿಸಿತು. ಅವನೇ ಮುಂದೆ ಭೂತಾಳಪಾಂಡ್ಯನೆನಿಸಿದನು. ಆಸ್ತಿಯು ಮಗನಿಗಲ್ಲದೆ ಸೋದರಿಯ ಸಂತತಿಗೆ ಸಲ್ಲುವ ಅಳಿಯಸಂತಾನದ ಕಟ್ಟು ಅಂದಿನಿಂದ ಹುಟ್ಟಿತೆಂದು ಹೇಳುವರು.

ಕಡಲಾಚೆಗೆ ಹೊರಟ ಹಡಗು, ಕೊಡಲೊಲ್ಲದ ತಾಯಿ, ಕೊಟ್ಟ ತಾಯಿ, ಕಡೆಗೆ ಆಸ್ತಿಗೆ ಒಡೆಯನಾದ ಮಗು, ಇವೆಲ್ಲವೂ ಈ ಕಥೆಯಲ್ಲಿವೆ. ಇಲ್ಲದಿರುವುದು ಒಂದೇ. ಆ ಬಾಲಕನ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಯಾರೂ ಕೇಳಲಿಲ್ಲ.

ದತ್ತು ಸ್ವೀಕಾರದ ಹಳೆಯ ಪದ್ಧತಿಯೂ ಬಹಳ ಕಾಲ ಹೀಗೆಯೇ ಇದ್ದಿತು. ಪಿಂಡಪ್ರದಾನಕ್ಕೆ ಮಗ ಬೇಕು, ಮನೆತನದ ಹೆಸರು ಉಳಿಯಬೇಕು, ಆಸ್ತಿಗೆ ವಾರಸುದಾರನಿರಬೇಕು ಎಂದು ಮಗುವನ್ನು ತರುತ್ತಿದ್ದರು. ಶಾಸ್ತ್ರವು ಗಂಡುಮಗುವನ್ನೇ ಬಯಸುತ್ತಿತ್ತು. ಅಳಿಯಸಂತಾನದ ಮನೆಗಳಲ್ಲಿ ಮಾತ್ರ ವಂಶವನ್ನು ಮುಂದುವರಿಸಲು ಹೆಣ್ಣುಮಗುವನ್ನು ದತ್ತು ಪಡೆಯುವ ರೂಢಿಯಿದ್ದಿತು. ಗಂಡಾಗಲಿ ಹೆಣ್ಣಾಗಲಿ, ಮಗುವು ಮನೆಗಾಗಿ ಬರುತ್ತಿತ್ತೇ ಹೊರತು ಮನೆಯು ಮಗುವಿಗಾಗಿ ತೆರೆಯುತ್ತಿರಲಿಲ್ಲ. ಕೊಡುವ ಅಧಿಕಾರ ಹೆತ್ತವರಿಗೆ ಮಾತ್ರವಿದ್ದುದರಿಂದ, ಹೆತ್ತವರೇ ಇಲ್ಲದ ಅನಾಥ ಶಿಶುವು ಶಾಸ್ತ್ರದ ದತ್ತಕಕ್ಕೆ ಅರ್ಹವಾಗುತ್ತಿರಲಿಲ್ಲ. ಯಾರಿಗೆ ಮನೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದಿತೋ, ಅವರಿಗೇ ಬಾಗಿಲು ಮುಚ್ಚಿದ್ದಿತು.

೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಶಾಸನವು ಹೆಣ್ಣುಮಗುವನ್ನು ದತ್ತು ಪಡೆಯಲು ಎಡೆಮಾಡಿಕೊಟ್ಟಿತು. ತಾಯಿತಂದೆ ಯಾರೆಂದೇ ತಿಳಿಯದ, ತೊರೆದುಹೋದ ಮಗುವಿಗೆ ಆ ಶಾಸನದ ಬಾಗಿಲು ತೆರೆದುದು ೧೯೬೨ರ ತಿದ್ದುಪಡಿಯಿಂದ. ಆದರೂ ಒಂದು ವೈಚಿತ್ರ್ಯ ಉಳಿಯಿತು. ಅದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಉಡುಪಿ ಜಿಲ್ಲೆಯ ಶಿರ್ವದಂತಹ ಒಂದು ಊರು ಸಾಕು.

ಈಗ ಕಾಪು ತಾಲೂಕಿಗೆ ಸೇರಿದ ಶಿರ್ವದಲ್ಲಿ ಬಂಟರ ಮನೆಗಳೂ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳೂ ನೆರೆಹೊರೆಯಾಗಿ ಬಾಳಿವೆ. ಆರೋಗ್ಯ ಮಾತೆಯ ಇಗರ್ಜಿಯೂ ದೇವಸ್ಥಾನಗಳೂ ಒಂದೇ ಊರಿನವು. ಹಿಂದೆ ಮುಂಬಯಿಗೆ, ಅನಂತರ ಕೊಲ್ಲಿಯ ನಾಡುಗಳಿಗೆ ದುಡಿಯಲು ಹೋಗದವರ ಮನೆ ಇಲ್ಲಿ ವಿರಳ. ಇಂತಹ ಊರಿನಲ್ಲಿ ಬೇಲಿಯ ಈಚೆಯ ಹಿಂದೂ ದಂಪತಿಗಳು ೧೯೫೬ರ ಬಳಿಕ ದತ್ತು ಮಗುವಿಗೆ ಕಾನೂನಿನಂತೆ ತಾಯಿತಂದೆಯರಾಗಬಹುದಿತ್ತು. ಬೇಲಿಯ ಆಚೆಯ ಕ್ರೈಸ್ತ ದಂಪತಿಗಳಿಗೆ ಇದ್ದುದು ೧೮೯೦ರ ಪಾಲಕರ ಕಾಯಿದೆ. ಅದರಂತೆ ಅವರು ಪಾಲಕರು ಮಾತ್ರ. ಮಗು ಅವರ ಆಶ್ರಿತ. ಅದು ಪ್ರಾಯಕ್ಕೆ ಬಂದೊಡನೆ ಆ ಸಂಬಂಧವೂ ಮುಗಿಯುತ್ತಿತ್ತು. ಆಸ್ತಿಯಲ್ಲಿ ಮಗನಂತೆ, ಮಗಳಂತೆ ಪಾಲು ದೊರೆಯುತ್ತಿರಲಿಲ್ಲ. ಎದೆಗೊತ್ತಿಕೊಂಡು ಬೆಳೆಸಿದವರು ಕಾಗದದಲ್ಲಿ ಪರರಾಗಿಯೇ ಉಳಿಯುತ್ತಿದ್ದರು.

ಎಲ್ಲರಿಗೂ ಅನ್ವಯಿಸುವ ದತ್ತಕ ಮಸೂದೆಯೊಂದು ೧೯೭೨ರಲ್ಲಿ ಸಂಸತ್ತಿನ ಮುಂದೆ ಬಂದಿತು. ಮುಸ್ಲಿಮರನ್ನು ಹೊರತುಪಡಿಸಿದ ಇನ್ನೊಂದು ೧೯೮೦ರಲ್ಲಿ ಬಂದಿತು. ಎರಡೂ ಶಾಸನವಾಗಲಿಲ್ಲ. ೨೦೦೦ದ ಬಾಲನ್ಯಾಯ ಕಾಯಿದೆ ಮತ್ತು ಅದರ ೨೦೦೬ರ ತಿದ್ದುಪಡಿಗಳು ಬಂದ ಮೇಲೆಯೇ, ಯಾವ ಮತದವರಾದರೂ ಮಗುವಿಗೆ ಪೂರ್ಣಾರ್ಥದಲ್ಲಿ ತಾಯಿತಂದೆಯರಾಗುವ ದಾರಿ ತೆರೆಯಿತು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು. ಈಗಿರುವುದು ೨೦೧೫ರ ಕಾಯಿದೆ.

ಈ ನಡುವೆ ಕಡಲಿನ ಪ್ರಶ್ನೆಯೂ ಎದ್ದಿತು. ೧೯೮೨ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ಭಾರತದ ಎಳೆಯ ಮಕ್ಕಳನ್ನು ವಿದೇಶೀಯರಿಗೆ ದತ್ತು ಕೊಡುವ ಹೆಸರಿನಲ್ಲಿ ಅನ್ಯಾಯ ನಡೆಯುತ್ತಿದೆ; ದೀರ್ಘಪ್ರಯಾಣದಲ್ಲಿ ಅವುಗಳ ಪ್ರಾಣಕ್ಕೇ ಅಪಾಯವಿದೆ; ತಲಪಿದ ಮೇಲೂ ಆಶ್ರಯದ ಭರವಸೆಯಿಲ್ಲ ಎಂಬುದು ಅವರ ದೂರು. ನ್ಯಾಯಾಲಯವು ಪತ್ರವನ್ನೇ ಅರ್ಜಿಯೆಂದು ಭಾವಿಸಿತು. ೧೯೮೪ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೀರ್ಪಿತ್ತರು. ಮೊದಲು ಸ್ವದೇಶದಲ್ಲಿಯೇ ಮನೆ ಹುಡುಕಬೇಕು, ದೊರೆಯದಿದ್ದರೆ ಮಾತ್ರ ಪರದೇಶ. ಎಲ್ಲಕ್ಕೂ ಮಗುವಿನ ಹಿತವೇ ಅಳತೆಗೋಲು ಎಂಬ ನೀತಿ ಅಲ್ಲಿ ನೆಲೆಗೊಂಡಿತು. ೧೯೯೦ರಲ್ಲಿ ಕೇಂದ್ರದಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಸ್ಥಾಪನೆಯಾಯಿತು. ಅದೇ ಇಂದಿನ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ದೇಶದೇಶಗಳ ನಡುವಣ ದತ್ತುವಿಗಾಗಿ ೧೯೯೩ರಲ್ಲಿ ಹೇಗ್ ನಗರದಲ್ಲಿ ಆದ ಒಡಂಬಡಿಕೆಗೆ ಭಾರತವು ೨೦೦೩ರಲ್ಲಿ ಬದ್ಧವಾಯಿತು.

ಈ ಎಲ್ಲ ಕಾಯಿದೆಗಳು ಒಂದು ಮನೆಯೊಳಗೆ ಹೊಕ್ಕಾಗ ಏನಾಗುವುದು? ಶಿರ್ವದ ಒಂದು ಕ್ರೈಸ್ತ ಕುಟುಂಬವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮಗನೂ ಸೊಸೆಯೂ ಕೊಲ್ಲಿಯ ಒಂದು ನಗರದಲ್ಲಿ ಉದ್ಯೋಗದಲ್ಲಿದ್ದಾರೆ. ಏಳು ವರ್ಷದ ಮಗಳಿದ್ದಾಳೆ. ಶಿರ್ವದ ಹಂಚಿನ ಮನೆಯಲ್ಲಿ ಅಜ್ಜಿ ಒಬ್ಬರೇ. ದಂಪತಿಗಳು ಎರಡನೆಯ ಮಗುವನ್ನು ದತ್ತು ಪಡೆಯಲು ನಿಶ್ಚಯಿಸುತ್ತಾರೆ.

ಅನಿವಾಸಿ ಭಾರತೀಯರಿಗೆ ಇಲ್ಲಿನ ನಿವಾಸಿಗಳಷ್ಟೇ ಆದ್ಯತೆಯಿದೆ. ಆದರೆ ದಾರಿ ಉದ್ದ. ಆ ದೇಶದಲ್ಲಿ ಅಂಗೀಕೃತ ದತ್ತು ಸಂಸ್ಥೆಯಿಲ್ಲದಿದ್ದರೆ ಭಾರತೀಯ ರಾಯಭಾರ ಕಚೇರಿಯ ಮೂಲಕ ಹೆಸರು ನೋಂದಾಯಿಸಬೇಕು. ದಂಪತಿಗಳ ಆರೋಗ್ಯ, ವರಮಾನ, ಮನೆಯ ವಾತಾವರಣಗಳನ್ನು ಕಂಡು ವರದಿ ಬರೆಯುವರು. ಕೊಲ್ಲಿಯ ನಾಡುಗಳಲ್ಲಿ ಇನ್ನೊಂದು ಎಚ್ಚರವೂ ಬೇಕು. ಇಸ್ಲಾಮಿನ ನ್ಯಾಯಪದ್ಧತಿಯಲ್ಲಿ ಇರುವುದು ‘ಕಫಾಲಾ’. ಅನಾಥ ಮಗುವನ್ನು ಪೋಷಿಸಬಹುದು, ಅದರ ವಂಶನಾಮವನ್ನು ಬದಲಿಸುವಂತಿಲ್ಲ. ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಇದನ್ನು ಹೆಸರಿಸಿದೆ. ಆದುದರಿಂದ ಭಾರತದ ದತ್ತು ಆದೇಶವನ್ನು ಒಪ್ಪಿ ಮಗುವಿಗೆ ವಾಸದ ಅನುಮತಿ ಕೊಡುವರೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಮಗು ಮನೆಯವರನ್ನು ಹಚ್ಚಿಕೊಂಡ ಮೇಲೆ ಇಂತಹ ತೊಡಕು ಎದುರಾದರೆ, ಅದರ ನೋವು ದೊಡ್ಡವರಿಗಿಂತ ಮಗುವಿಗೇ ಹೆಚ್ಚು.

ಕಾಗದಪತ್ರಗಳ ಪಟ್ಟಿಯಲ್ಲಿ ಒಂದು ಸಣ್ಣ ಕಾಗದವಿದೆ. ಮನೆಯಲ್ಲಿ ಐದು ವರ್ಷ ಮೀರಿದ ಮಗುವಿದ್ದರೆ ಅದರ ಒಪ್ಪಿಗೆಯನ್ನೂ ಪಡೆಯಬೇಕು. ಅನೇಕ ಮನೆಗಳಲ್ಲಿ ಇದನ್ನು ಲಘುವಾಗಿ ಕಾಣುವ ಸಂಭವವುಂಟು. ಈ ಮನೆಯಲ್ಲಿ ಹಾಗಾಗಲಿಲ್ಲವೆಂದುಕೊಳ್ಳೋಣ. ರಜೆಗೆ ಶಿರ್ವಕ್ಕೆ ಬಂದಿದ್ದಾಗ ತಾಯಿ ಮಗಳನ್ನು ಜಗಲಿಯಲ್ಲಿ ಕೂರಿಸಿಕೊಂಡು ವಿಷಯ ತಿಳಿಸಿದಳು. ಬಾಲಕಿ ಬಹಳ ಹೊತ್ತು ಯೋಚಿಸಿ ಕೇಳಿದಳು:

“ಅಮ್ಮಾ, ಅದು ದಿನಾ ಅಳುತ್ತಾ ಇದ್ದರೆ ಹಿಂದಕ್ಕೆ ಕೊಡಬಹುದೇ?”

“ನೀನು ಸಣ್ಣವಳಿದ್ದಾಗ ದಿನಾ ಅಳುತ್ತಿದ್ದೆ. ನಿನ್ನನ್ನು ಯಾರಿಗಾದರೂ ಕೊಟ್ಟೆವೇ?”

“ನಾನು ನಿಮ್ಮ ಮಗಳಲ್ಲವೇ?”

“ಅದೂ ಹಾಗೆಯೇ ಆಗುವುದು. ಅದಕ್ಕಾಗಿಯೇ ನಿನ್ನನ್ನು ಕೇಳುತ್ತಿರುವುದು.”

ಬಾಲಕಿ ಆ ದಿನ ಸಹಿ ಮಾಡಲಿಲ್ಲ. ಮೂರು ದಿನಗಳ ಬಳಿಕ ತಾನಾಗಿಯೇ ಲೇಖನಿ ಕೇಳಿದಳು. ಒಳಗಿನಿಂದ ಮಾತು ಕೇಳುತ್ತಿದ್ದ ಅಜ್ಜಿ, ಅಷ್ಟರವರೆಗೆ “ಹೆತ್ತ ಮಗು ಇರುವಾಗ ಇನ್ನೊಂದು ಯಾಕೆ? ಯಾರದೋ ಏನೋ” ಎನ್ನುತ್ತಿದ್ದವರು, ಮತ್ತೆ ಆ ಮಾತನ್ನು ಎತ್ತಲಿಲ್ಲ. ಆಳನ್ನು ಕರೆದು ಅಟ್ಟದಿಂದ ಹಳೆಯ ತೊಟ್ಟಿಲನ್ನು ಇಳಿಸಿ ತೊಳೆಯಿಸಿದರು.

ತಿಂಗಳುಗಳು ಉರುಳಿದ ಮೇಲೆ ದೊರೆತ ಮಗುವಿಗೆ ತೊಟ್ಟಿಲು ಸಾಲದಾಯಿತು. ಅದಕ್ಕೆ ಎರಡೂವರೆ ವರ್ಷ. ದತ್ತು ಎಂದೊಡನೆ ಜನರ ಕಣ್ಣಮುಂದೆ ನಿಲ್ಲುವುದು ಹಸುಗೂಸು. ಮನೆಗಾಗಿ ಕಾಯುವ ಮಕ್ಕಳಲ್ಲಿ ನಡೆಯುವವರೂ ಇದ್ದಾರೆ, ಶಾಲೆಗೆ ಹೋಗುವವರೂ ಇದ್ದಾರೆ. ಆತುರಕ್ಕೆ ಇಲ್ಲಿ ಎಡೆಯಿಲ್ಲ. ಹೆತ್ತವರು ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಕಾನೂನು ಎರಡು ತಿಂಗಳ ಅವಕಾಶ ಕೊಡುತ್ತದೆ. ತೊರೆದ ಮಗುವಾದರೆ ಹೆತ್ತವರನ್ನು ಹುಡುಕಬೇಕು. ತಡವೆಂದು ಗೊಣಗುವವರು, ಆ ಕಾಲವು ಇನ್ನೊಬ್ಬ ತಾಯಿಯ ಪಾಲಿನದೆಂದು ನೆನೆಯಬೇಕು.

೨೦೨೨ರ ಸೆಪ್ಟೆಂಬರಿನಿಂದ ದತ್ತು ಆದೇಶವನ್ನು ನ್ಯಾಯಾಲಯಕ್ಕೆ ಬದಲಾಗಿ ಜಿಲ್ಲಾ ದಂಡಾಧಿಕಾರಿಗಳು ಹೊರಡಿಸುತ್ತಾರೆ. ಅಲ್ಲಿಂದ ಮುಂದಿನದೇ ಪ್ರಯಾಣ. ಹೊರನಾಡಿನಲ್ಲಿರುವ ತಾಯಿತಂದೆಯರು ಸ್ವತಃ ಭಾರತಕ್ಕೆ ಬಂದು ಮಗುವನ್ನು ಬರಮಾಡಿಕೊಳ್ಳಬೇಕೆಂಬುದು ನಿಯಮ. ಇದನ್ನು ತೊಂದರೆಯೆಂದು ಎಣಿಸದೆ, ಸಾಧ್ಯವಿದ್ದವರು ಕುಟುಂಬಸಮೇತ ಬರುವುದು ಮೇಲು. ಈ ಕುಟುಂಬದ ಮಗು ಒಡಿಶಾದ್ದೆಂದು ಇಟ್ಟುಕೊಂಡರೆ, ಅದರ ಕಿವಿಗೆ ಬಿದ್ದುದು ಒಡಿಯಾ. ಬರುವ ಮನೆಯದು ಕೊಂಕಣಿ, ಅಂಗಳದ್ದು ತುಳು, ಸೇರಲಿರುವ ನಗರದ್ದು ಇನ್ನಾವುದೋ. ಒಂದೇ ವಾರದಲ್ಲಿ ಅದು ತನಗೆ ಗೊತ್ತಿದ್ದ ಎಲ್ಲ ಮುಖಗಳನ್ನೂ, ದನಿಗಳನ್ನೂ, ಅನ್ನದ ರುಚಿಯನ್ನೂ ಕಳೆದುಕೊಳ್ಳುತ್ತದೆ. ದೊಡ್ಡವರಿಗೆ ಅದು ಸಂಭ್ರಮದ ದಿನ. ಮಗುವಿಗೆ ಅಗಲಿಕೆಯ ದಿನ.

ಆದುದರಿಂದ ತಿಳಿದವರು ಹೇಳುವುದೇನೆಂದರೆ, ಆಶ್ರಮದಲ್ಲಿ ಮಗು ಹೊದೆಯುತ್ತಿದ್ದ ಬಟ್ಟೆಯನ್ನೋ ಆಟದ ಗೊಂಬೆಯನ್ನೋ ಕೇಳಿ ತರಬೇಕು. ಹತ್ತು ಮಾತಾದರೂ ಅದರ ಭಾಷೆಯಲ್ಲಿ ಕಲಿತಿರಬೇಕು. ಕರೆದರೆ ತಿರುಗಿ ನೋಡುವ ಹೆಸರನ್ನು ಒಮ್ಮೆಲೇ ಬದಲಿಸಬಾರದು. ನೆಂಟರ ಗದ್ದಲವನ್ನು ಕೆಲವು ದಿನ ದೂರವಿಡಬೇಕು. ವಿಮಾನವೇರುವ ಮೊದಲು ಶಿರ್ವದ ಮನೆಯಲ್ಲಿ ಕೆಲವು ವಾರ ನಿಂತರೆ ಮಗು ಜನರನ್ನು ಗುರುತಿಸುವುದು. ಪಾಸ್‌ಪೋರ್ಟು ಮುಂತಾದ ಕಾಗದಗಳೂ ಅಷ್ಟರಲ್ಲಿ ಕೈಸೇರುವುವು. ತಲಪಿದ ಮೇಲೂ ಎರಡು ವರ್ಷಗಳವರೆಗೆ ಮಗುವಿನ ಯೋಗಕ್ಷೇಮದ ವರದಿ ಹೋಗುತ್ತಿರಬೇಕು.

ಇನ್ನೊಂದು ಮಾತು. ದತ್ತುವಿನ ಸಂಗತಿಯನ್ನು ಮಗುವಿನಿಂದ ಮುಚ್ಚಿಡುವುದು ಹಿಂದಿನ ವಾಡಿಕೆ. ಈಗಿನ ನಿಯಮದಂತೆ, ಹದಿನೆಂಟು ತುಂಬಿದವರು ತಮ್ಮ ಮೂಲವನ್ನು ಅರಿಯಲು ತಾವೇ ಅರ್ಜಿ ಸಲ್ಲಿಸಬಹುದು. ಬೇರೆಯವರ ಬಾಯಿಂದ ತಿಳಿದು ನೊಂದುಕೊಳ್ಳುವ ಬದಲು, ಮಲಗುವಾಗಿನ ಕಥೆಯಂತೆ ತಾಯಿಯ ಬಾಯಿಂದಲೇ ಅದನ್ನು ಕೇಳಿ ಬೆಳೆದ ಮಗುವಿಗೆ ಆ ಸತ್ಯವು ಹಗುರವಾದೀತು.

ಅಜ್ಜಿ ತೊಳೆಯಿಸಿಟ್ಟ ತೊಟ್ಟಿಲು ವ್ಯರ್ಥವಾಗಲಿಲ್ಲ. ಬಂದ ಮೊದಲ ದಿನಗಳಲ್ಲಿ ಮಗು ಯಾರ ಹತ್ತಿರವೂ ಹೋಗದೆ, ತನ್ನ ಗೊಂಬೆಯನ್ನು ಅದರೊಳಗೆ ಮಲಗಿಸಿ ತೂಗುತ್ತ ನಿಲ್ಲುತ್ತಿತ್ತು. ನಾಲ್ಕನೆಯ ದಿನ ಅಕ್ಕನೂ ಹೋಗಿ ತೊಟ್ಟಿಲ ಇನ್ನೊಂದು ಬದಿಯನ್ನು ಹಿಡಿದಳು. ಅಜ್ಜಿ ಜಗಲಿಯಲ್ಲಿ ಕುಳಿತು ನೋಡಿದರೇ ಹೊರತು ಯಾರನ್ನೂ ಕರೆಯಲಿಲ್ಲ.

ಆ ಹಳೆಯ ಕಥೆಯಲ್ಲಿ ಹಡಗು ಹೊರಡುವುದಕ್ಕಾಗಿ ಮಗುವನ್ನು ಕೇಳಿದರು. ಇಂದು ಮಗುವಿಗಾಗಿ ಹಡಗು ಹೊರಡಬೇಕೆಂಬುದೇ ಧರ್ಮ.