ಶಾಂತಿಯೂ ಶೀಲವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಕೇಳಿದಾಗ, ಹಳೆಯ ವಿದ್ಯಾರ್ಥಿನಿಯರು ವಾಡಿಕೆಯಾಗಿ ಬರೆಯುವಂತೆ ಬಾಲ್ಯದ ನೆನಪುಗಳನ್ನೇ ಬರೆಯೋಣವೆಂದು ನಾನು ಮೊದಲು ಯೋಚಿಸಿದೆನು. ಆದರೆ ಬೆಳಗಿನ ಪ್ರಾರ್ಥನೆಯ ಗಂಟೆಯನ್ನೂ ವಸತಿಗೃಹದ ದೀಪವನ್ನೂ ನನಗಿಂತ ಚೆನ್ನಾಗಿ ವರ್ಣಿಸಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ಬಹುದಿನಗಳಿಂದ ನನ್ನ ಮನಸ್ಸಿನಲ್ಲಿರುವ ಒಂದು ವಿಷಯವನ್ನು ಸೋದರಿಯರ ಮುಂದೆಯೂ, ತಮ್ಮ ಹೆಣ್ಣುಮಕ್ಕಳನ್ನು ಈ ಶಾಲೆಗೆ ಕಳುಹಿಸುವ ತಾಯಿತಂದೆಗಳ ಮುಂದೆಯೂ ಅರಿಕೆ ಮಾಡಿಕೊಳ್ಳುತ್ತೇನೆ. ಅದೇನೆಂದರೆ, ಸತ್ಯವೇದದಿಂದ ಶಾಂತಿ ದೊರೆಯುವುದು ನಿಜ. ಆದರೆ ಅದು ಸತ್ಯವೇದವನ್ನು ಬಲ್ಲವರಿಗೆಲ್ಲ ದೊರೆಯುವುದಿಲ್ಲ, ಅದಕ್ಕೆ ವಿಧೇಯರಾದವರಿಗೆ ದೊರೆಯುವುದು. ಶಾಂತಿಯೊಂದು ಶೀಲವೊಂದು ಎಂದು ನಾವು ಎರಡಾಗಿ ಎಣಿಸುತ್ತೇವೆ. ಅವೆರಡೂ ಒಂದೇ ಬೇರಿನಿಂದ ಚಿಗುರುವವೆಂದು ನಾನು ತಡವಾಗಿ ಕಲಿತೆನು.

ಈ ಮಾತನ್ನು ಇತರರನ್ನು ಕುರಿತು ಹೇಳುವ ಮೊದಲು ನನ್ನನ್ನು ಕುರಿತೇ ಹೇಳಬೇಕು. ಶಾಲೆಯಲ್ಲಿದ್ದಾಗ ಸತ್ಯವೇದದ ಪರೀಕ್ಷೆಯಲ್ಲಿ ನನಗೆ ಎರಡು ಸಾರಿ ಬಹುಮಾನ ಬಂದಿತ್ತು. ಪರ್ವತ ಪ್ರಸಂಗವನ್ನು ಒಂದು ಮಾತೂ ತಪ್ಪದೆ ಒಪ್ಪಿಸುತ್ತಿದ್ದೆನು. ಮುಂದೆ ಮದುವೆಯಾಗಿ ಸಂಸಾರಕ್ಕೆ ಬಿದ್ದ ಮೇಲೂ ರಾತ್ರಿ ಒಂದು ಅಧ್ಯಾಯವನ್ನು ಓದದೆ ಮಲಗಿದವಳಲ್ಲ. ಹೀಗಿರಲಾಗಿ ನಮ್ಮ ತಾಯಿ ತೀರಿಕೊಂಡರು. ಅವರ ಕೈಯಲ್ಲಿದ್ದ ನಾಲ್ಕು ಚಿನ್ನದ ಬಳೆಗಳ ವಿಷಯದಲ್ಲಿ ನನಗೂ ನನ್ನ ತಂಗಿಗೂ ಮಾತು ಬೆಳೆಯಿತು. ಕೊನೆಯ ದಿನಗಳಲ್ಲಿ ತಾಯಿಯ ಸೇವೆ ಮಾಡಿದವಳು ಅವಳು. ಹಿರಿಯಳೆಂಬ ಹಕ್ಕನ್ನು ಎತ್ತಿದವಳು ನಾನು. ಸತ್ತವರ ಮನೆಯಲ್ಲಿ ಆಡಬಾರದ ಮಾತುಗಳನ್ನು ಆಡಿದೆನು. ಅಲ್ಲಿಂದ ಮುಂದೆ ಮೂರು ವರುಷ ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

ಆ ಮೂರು ವರುಷವೂ ನಾನು ಸತ್ಯವೇದವನ್ನು ಓದುತ್ತಲೇ ಇದ್ದೆನು, ಪ್ರಾರ್ಥಿಸುತ್ತಲೇ ಇದ್ದೆನು. ಆದರೂ ನೆಮ್ಮದಿಯೆಂಬುದು ನನಗಿರಲಿಲ್ಲ. ದೇವರೇ ನನಗೆ ದೂರವಾದನೆಂದು ದುಃಖಪಡುತ್ತಿದ್ದೆನು. ಒಂದು ವರುಷ ಶುಭ ಶುಕ್ರವಾರಕ್ಕೆ ಮುಂಚಿನ ವಾರಗಳಲ್ಲಿ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವು ಓದುವ ಸರದಿಗೆ ಬಂತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಮನಸ್ತಾಪವುಳ್ಳವರೊಡನೆ ಸಮಾಧಾನವಾಗಬೇಕೆಂದು ಕರ್ತನು ಅಲ್ಲಿ ಅಪ್ಪಣೆ ಕೊಡುತ್ತಾನೆ. ಹನ್ನೆರಡನೆಯ ವಯಸ್ಸಿನಿಂದ ನನ್ನ ನಾಲಿಗೆಯ ಮೇಲಿದ್ದ ಮಾತು ಅದು! ಆ ರಾತ್ರಿ ಮುಂದೆ ಓದಲಾರದೆ ಪುಸ್ತಕವನ್ನು ಮುಚ್ಚಿದೆನು.

ಕೂಡಲೇ ಎದ್ದುಹೋದೆನೆಂದು ಹೇಳಿದರೆ ಸುಳ್ಳಾದೀತು. ಅವಳು ಕಿರಿಯಳು, ಅವಳೇ ಬರಲಿ ಎಂದು ಹದಿನೈದು ದಿನ ನೆವ ಹುಡುಕಿದೆನು. ಕೊನೆಗೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಹೋದೆನು. ತಂಗಿಯು ಜಗಲಿಯ ಮೇಲೆ ಮೊರದಲ್ಲಿ ಅಕ್ಕಿಯನ್ನು ಆರಿಸುತ್ತಿದ್ದಳು. ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ತಪ್ಪು ನನ್ನದು" ಎಂದಷ್ಟೇ ಅಂದೆನು. ಅವಳು ಮೊರವನ್ನು ಪಕ್ಕಕ್ಕಿಟ್ಟು, "ಮೊದಲು ಒಳಗೆ ಬಾ ಅಕ್ಕಾ, ಬಿಸಿಲಿನಲ್ಲಿ ಬಂದಿದ್ದೀಯೆ" ಎಂದಳು. ಬಳೆಗಳು ಈಗ ಅವಳ ಮಗಳ ಕೈಯಲ್ಲಿವೆ. ಅಲ್ಲಿಯೇ ಇರುವುದು ನ್ಯಾಯ. ನಾನು ಆಡಿದ ಮಾತುಗಳೆಲ್ಲ ಅಳಿಸಿಹೋದುವೆಂದು ಹೇಳಲಾರೆನು. ಕೆಲವು ಇಂದಿಗೂ ನಮ್ಮಿಬ್ಬರ ನಡುವೆ ಮುಳ್ಳಿನಂತೆ ಉಳಿದಿವೆ. ಆದರೆ ಮೂರು ವರುಷ ಓದಿದರೂ ದೊರೆಯದ ನಿದ್ದೆಯು ಆ ರಾತ್ರಿ ನನಗೆ ದೊರೆಯಿತು. ದೇವರು ದೂರವಾಗಿರಲಿಲ್ಲ, ನಾನೇ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದೆನು.

ಇದು ಸಾಮಾನ್ಯಳಾದ ಒಬ್ಬ ಗೃಹಿಣಿಯ ಸಂಗತಿ. ನನಗಿಂತ ಎಷ್ಟೋ ದೊಡ್ಡವರಾದ ಒಬ್ಬ ಸ್ತ್ರೀಯ ಚರಿತ್ರೆಯಲ್ಲಿಯೂ ಇದೇ ಪಾಠವನ್ನು ಕಾಣುತ್ತೇನೆ. ಪಂಡಿತಾ ರಮಾಬಾಯಿಯವರ ಹೆಸರನ್ನು ನಮ್ಮಲ್ಲಿ ಕೇಳದವರು ವಿರಳ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ, ತುಂಗಾ ಭದ್ರಾ ನದಿಗಳು ಉಗಮಿಸುವ ಗಂಗಾಮೂಲದ ಕಾಡಿನಲ್ಲಿ ಎಂಬುದನ್ನು ಎಷ್ಟು ಮಂದಿ ಬಲ್ಲರು? 1858ರಲ್ಲಿ ಜನಿಸಿದ ಆ ಮಗುವಿಗೆ ತಾಯಿಯೇ ಸಂಸ್ಕೃತವನ್ನು ಕಲಿಸಿದಳು. ಕುಟುಂಬವು ಪುರಾಣ ಪ್ರವಚನ ಮಾಡುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಿರುವಾಗ, 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರು ತೀರಿಹೋದರು. ಉಳಿದ ಅಣ್ಣತಂಗಿಯರು ನಡೆದು ನಡೆದು 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಆಕೆಗೆ 'ಪಂಡಿತಾ' ಎಂದೂ 'ಸರಸ್ವತಿ' ಎಂದೂ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ 1882ರಲ್ಲಿ ಗಂಡನೂ ಇಲ್ಲವಾದರು. ಕೈಯಲ್ಲಿ ಉಳಿದದ್ದು ಹಸುಗೂಸು ಮನೋರಮೆ.

ಗಂಡನ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯಲ್ಲಿದ್ದ ಲೂಕನ ಸುವಾರ್ತೆಯೊಂದು ಆಕೆಗೆ ಸಿಕ್ಕಿತ್ತು. ಮುಂದೆ ಇಂಗ್ಲೆಂಡಿಗೆ ಹೋದಾಗ, ಬಿದ್ದುಹೋದ ಸ್ತ್ರೀಯರನ್ನು ಪ್ರೀತಿಯಿಂದ ಎತ್ತಿ ನಿಲ್ಲಿಸುವ ಸೇವೆಯನ್ನು ಆಕೆ ಕಂಡರು. ಯೇಸುಸ್ವಾಮಿಯು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿ ಮಾತಾಡಿದ ವೃತ್ತಾಂತವನ್ನು ಕೇಳಿದರು. 1883ರಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಕಥೆ ಇಲ್ಲಿಗೆ ಮುಗಿಯಿತೆಂದು ನಾವು ಎಣಿಸಬಹುದು. ಆದರೆ ರಮಾಬಾಯಿಯವರು 1907ರಲ್ಲಿ ಪ್ರಕಟವಾದ ತಮ್ಮ ಆತ್ಮಸಾಕ್ಷಿಯಲ್ಲಿ ಬೇರೆಯೇ ಸಂಗತಿಯನ್ನು ಒಪ್ಪಿಕೊಂಡಿದ್ದಾರೆ. ಕ್ರೈಸ್ತ ಮತವು ತಮಗೆ ದೊರೆತಿದ್ದರೂ ಕ್ರಿಸ್ತನು ದೊರೆತಿರಲಿಲ್ಲವೆಂದೂ, ದೀಕ್ಷಾಸ್ನಾನವಾಗಿ ಸುಮಾರು ಎಂಟು ವರುಷಗಳು ಕಳೆದ ಮೇಲೆಯೇ ತಮ್ಮ ಮನಸ್ಸಿಗೆ ನಿಜವಾದ ಸಮಾಧಾನ ಉಂಟಾಯಿತೆಂದೂ ಅವರು ಹೇಳುತ್ತಾರೆ. ಅಷ್ಟು ದೊಡ್ಡ ಪಂಡಿತೆ, ಸ್ವಂತ ಬುದ್ಧಿಯಿಂದ ವಿಚಾರಿಸದೆ ಯಾವ ಗುರುಗಳ ಮಾತನ್ನೂ ಒಪ್ಪದವರು, ತಾನು ಬಲ್ಲುದಕ್ಕೂ ಹೊಂದಿದುದಕ್ಕೂ ಇರುವ ಅಂತರವನ್ನು ಲೋಕದ ಮುಂದೆ ಹೇಳಿಕೊಂಡರು. ಇಂಥ ಪ್ರಾಮಾಣಿಕತೆಯೇ ಶೀಲದ ಮೊದಲ ಮೆಟ್ಟಲೆಂದು ನನ್ನ ಅಭಿಪ್ರಾಯ.

ಆಮೇಲೆ ಆ ಶಾಂತಿಯು ಏನು ಮಾಡಿತು? ಆಕೆಯನ್ನು ಸುಮ್ಮನೆ ಕುಳಿತುಕೊಳ್ಳಗೊಡಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ, ಹಸಿದು ಬೀದಿಪಾಲಾಗಿದ್ದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ತಾನೂ ಒಮ್ಮೆ ಬರಗಾಲದಲ್ಲಿ ಹಸಿದ ಹುಡುಗಿಯೆಂಬುದನ್ನು ಮರೆಯಲಿಲ್ಲ. ಪುಣೆಯ ಹತ್ತಿರದ ಕೇಡಗಾವಿನ ಮುಕ್ತಿಸದನದಲ್ಲಿ ಆ ಮಕ್ಕಳು ಓದಿನೊಂದಿಗೆ ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನು ಕಲಿತರು; ಕುರುಡರಿಗೂ ಅಲ್ಲಿ ಪಾಠವಿತ್ತು. ನಮ್ಮ ಕಲಬುರಗಿಯಲ್ಲಿಯೂ ಒಂದು ಶಾಲೆಯನ್ನು ತೆರೆದು, ಮಗಳಾದ ಮನೋರಮೆಗೆ ಅದನ್ನು ವಹಿಸಿಕೊಟ್ಟರು. ಓದುಬಾರದ ಸ್ತ್ರೀಯರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ತಾವೇ ಭಾಷಾಂತರಕ್ಕೆ ಕೈಹಾಕಿದರು. 1921ರಲ್ಲಿ ಆ ಒಬ್ಬಳೇ ಮಗಳು ತೀರಿಹೋದಳು. ಆದರೂ 1922ರ ಏಪ್ರಿಲ್ 5ರಂದು ತಾವು ಕಣ್ಣು ಮುಚ್ಚುವ ತನಕ ತಾಯಿಯು ಕೈಗೊಂಡ ಕೆಲಸವನ್ನು ಬಿಡಲಿಲ್ಲ. ಕಷ್ಟವಿಲ್ಲದಿರುವುದೇ ಶಾಂತಿಯಾಗಿದ್ದರೆ, ರಮಾಬಾಯಿಯವರಿಗೆ ಅದು ಒಂದು ದಿನವೂ ದೊರೆಯುತ್ತಿರಲಿಲ್ಲ.

ಇಲ್ಲಿ ಕೆಲವರು, "ಹಾಗಾದರೆ ಶಾಲೆಯಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡಿಸುವುದು ವ್ಯರ್ಥವೇ?" ಎಂದು ಕೇಳಬಹುದು. ವ್ಯರ್ಥವಲ್ಲ. ಬಾಯಿಪಾಠವು ಬಿತ್ತನೆಯ ಬೀಜವನ್ನು ಕಣಜದಲ್ಲಿಟ್ಟಂತೆ. ಅದಿಲ್ಲದಿದ್ದರೆ ನನಗೆ ಆ ರಾತ್ರಿ ಅಷ್ಟು ನಾಚಿಕೆಯೂ ಆಗುತ್ತಿರಲಿಲ್ಲ. ಆದರೆ ಕಣಜ ತುಂಬಿದ ಮಾತ್ರಕ್ಕೆ ಹೊಲ ಬೆಳೆದಂತಾಗಲಿಲ್ಲ. ಉಪಾಧ್ಯಾಯಿನಿಯರು ಅಂಕ ಕೊಡಬಲ್ಲದ್ದು ಕಣಜಕ್ಕೆ. ಹೊಲದ ಬೆಳೆ ಕಾಣುವುದು ಮನೆಯಲ್ಲಿ. ಈ ಭಾರವನ್ನೆಲ್ಲ ಶಾಲೆಯ ಮೇಲೆಯೇ ಹೊರಿಸಿ ತಾಯಿತಂದೆಗಳು ನಿಶ್ಚಿಂತರಾಗುವುದು ಸರಿಯಲ್ಲವೆಂದು ನಾನು ವಿನಯದಿಂದ ಹೇಳುತ್ತೇನೆ. ತಂದೆಯಾಗಲಿ ತಾಯಿಯಾಗಲಿ ಮಕ್ಕಳ ಎದುರಿಗೆ "ನಾನು ಮಾಡಿದ್ದು ತಪ್ಪು" ಎಂದು ಒಮ್ಮೆಯಾದರೂ ಹೇಳುವುದನ್ನು ಕೇಳಿದ ಮಗು, ಕ್ಷಮೆಯ ವಿಷಯವಾದ ನೂರು ಉಪದೇಶಗಳಿಗಿಂತ ಹೆಚ್ಚನ್ನು ಕಲಿಯುವುದು.

ನಮ್ಮೊಡನೆ ಓದಿದ ಹಿಂದೂ, ಮುಸಲ್ಮಾನ ಗೆಳತಿಯರಲ್ಲಿ ನನಗಿಂತ ಸೌಮ್ಯರೂ ಸತ್ಯವಂತರೂ ಇದ್ದರೆಂಬುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಅವರ ಮನೆಯ ಹಿರಿಯರೂ ಇದನ್ನು ಓದುವರು. ಯಾರನ್ನೂ ಕೀಳುಮಾಡುವುದಕ್ಕೆ ನಾನು ಬರೆದವಳಲ್ಲ. ನಾನು ಕುಡಿದ ಬಾವಿಯ ನೀರಿನ ರುಚಿಯನ್ನು ಹೇಳಿದೆನು, ಅಷ್ಟೇ. ಕ್ರೈಸ್ತರೆನಿಸಿಕೊಂಡ ನಮ್ಮ ನಡತೆಯು ಸರಿಯಾಗಿದ್ದರೆ ನಮ್ಮ ಮಾತಿಗೆ ಅವರು ಕಿವಿಗೊಡುವರು. ಇಲ್ಲದಿದ್ದರೆ ಕಿವಿಗೊಡದಿರುವುದೇ ನ್ಯಾಯ.

ಇನ್ನು ಹಳೆಯ ಸೋದರಿಯರಿಗೆ ಒಂದು ಬಿನ್ನಹ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸರೂ ಅವರ ಜೊತೆಯವರೂ ವರುಷಾನುವರುಷ ದುಡಿದು ಸತ್ಯವೇದವನ್ನು ನಮ್ಮ ಕನ್ನಡಕ್ಕೆ ತಂದುಕೊಟ್ಟರು. ನಮ್ಮಲ್ಲಿ ಅನೇಕರು ಇಂಗ್ಲಿಷಿನಲ್ಲಿಯೇ ಓದಿ, ಅದೂ ಅವಸರದಲ್ಲಿ ಓದಿ, ಮುಗಿಸುತ್ತೇವೆ. ಅಡಿಗೆಮನೆಯಲ್ಲಿ ಜಗಳವಾಡುವ ಭಾಷೆಯಲ್ಲಿಯೇ ದೇವರ ವಾಕ್ಯವನ್ನೂ ಕೇಳಿದರೆ ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ! ಆದುದರಿಂದ ದಿನಕ್ಕೆ ಸ್ವಲ್ಪವೇ ಆಗಲಿ, ಕನ್ನಡದಲ್ಲಿ, ಗಟ್ಟಿಯಾಗಿ ಓದಿರಿ. ಓದಿ ಮುಗಿಸಿದ ಮೇಲೆ, "ಇದು ಈ ಹೊತ್ತು ನನಗೆ ಏನು ಮಾಡೆನ್ನುತ್ತದೆ?" ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿರಿ. ಉತ್ತರವು ಬಹುಮಟ್ಟಿಗೆ ಚಿಕ್ಕದಾಗಿರುವುದು: ಒಂದು ಕಾಗದ ಬರೆಯುವುದು, ಕೆಲಸದವಳ ಬಾಕಿ ಸಂಬಳವನ್ನು ಕೊಡುವುದು, ಸೊಸೆಯನ್ನು ಕುರಿತು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಅದನ್ನು ಹೊತ್ತು ಮುಳುಗುವುದರೊಳಗೆ ಮಾಡಿರಿ. ನನ್ನ ಹಾಗೆ ಮೂರು ವರುಷ ಕಾಯಬೇಡಿರಿ.

ನಾವು ಮಕ್ಕಳಾಗಿ ಈ ಅಂಗಳದಲ್ಲಿ ಸಾಲಾಗಿ ನಿಂತು ಬಾಯಿಪಾಠ ಹೇಳಿದ ಮಾತುಗಳು ಇನ್ನೂ ನಮ್ಮೊಳಗೆ ಇವೆ. ಅವು ನಮ್ಮ ನಡತೆಯಾಗಿ ಹೊರಗೆ ಬರುವಂತೆ, ನಡತೆಯಿಂದ ಬರುವ ಸಮಾಧಾನವು ನಮ್ಮ ಮನೆಗಳಲ್ಲಿ ನೆಲಸುವಂತೆ ಕರ್ತನು ನಮ್ಮೆಲ್ಲರಿಗೂ, ಈ ಶಾಲೆಯಲ್ಲಿ ಈಗ ಕಲಿಯುತ್ತಿರುವ ಮಕ್ಕಳಿಗೂ ಅನುಗ್ರಹಿಸಲಿ.