ಹಗ್ಗ ಗಟ್ಟಿಯಿದೆ, ಕೆಳಗಿನ ನೆಲ ಯಾರದು?

ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆಯುವ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯಲ್ಲಿ ಬಾರೆ ಕಳ್ಳೆಯಿಂದ ಗುಡಿ ಕಟ್ಟುತ್ತಾರೆ. ಮುಳ್ಳಿನ ಆ ಗುಡಿಯನ್ನು ಬರಿಗಾಲಲ್ಲಿ ಹತ್ತಿ, ತುದಿಯ ಕಳಸ ಕಿತ್ತು ತರುವುದು ಹರೆಯದವರ ಪಾಲಿನ ಸೇವೆ. ಆಂಧ್ರದ ಗಡಿಗೆ ಅಂಟಿಕೊಂಡಿರುವ ಮೊಳಕಾಲ್ಮೂರು ಸೀಮೆಯಲ್ಲಿ, ಗಳ ನೆಟ್ಟು ಹಗ್ಗ ಬಿಗಿದು ಅದರ ಮೇಲೆ ನಡೆಯುತ್ತಿದ್ದ ಡೊಂಬರನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಚಿತ್ರದುರ್ಗದ ಕೋಟೆಯೊಳಗೇ ಗರಡಿಮನೆಯಿದೆ. ನೆಲ ಬಿಟ್ಟು ಮೇಲೇರುವ ವಿದ್ಯೆಯನ್ನು ಈ ಸೀಮೆಗೆ ಯಾರೂ ಹೊರಗಿನಿಂದ ತಂದುಕೊಡಬೇಕಾಗಿಲ್ಲ.

ಬೆಂಗಳೂರಿನಲ್ಲಿ ಸೂರಿನಿಂದ ಬಟ್ಟೆ ಇಳಿಬಿಟ್ಟು, ತಿಂಗಳ ಶುಲ್ಕ ಪಡೆದು ಕಲಿಸುವ ಏರಿಯಲ್ ಆರ್ಟ್ಸ್ ಸ್ಟುಡಿಯೊಗಳಿವೆ. ಇಳಿಬಿಟ್ಟ ಹಗ್ಗದ ಮೇಲೆ ಕಸರತ್ತು ಮಾಡುವ ಹಗ್ಗದ ಮಲ್ಲಕಂಬ ಅದಕ್ಕೆ ತೀರ ಹತ್ತಿರದ ನೆಂಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲೇ ಮಲ್ಲಸ್ತಂಭದ ಪ್ರಸ್ತಾಪವಿದೆ. ಗದಗ, ಬಾಗಲಕೋಟೆ ಕಡೆ ಈ ಕಲೆ ಇಂದಿಗೂ ಉಸಿರಾಡುತ್ತಿದೆ. ಬೇಕಾದ ಸಾಮಾನು ದುಬಾರಿಯಲ್ಲ. ಸುಮಾರು ಐದೂವರೆ ಮೀಟರ್ ಉದ್ದದ ಹತ್ತಿಯ ಹಗ್ಗ, ಅದನ್ನು ತಡೆಯುವ ತೊಲೆ, ಕೆಳಗೆ ದಪ್ಪ ಹಾಸು. ನೆಟ್ಟ ಕಂಬವಾದರೆ ತೇಗದ ಮರ, ಅದಕ್ಕೆ ಹಚ್ಚಲು ಹರಳೆಣ್ಣೆ. ಎಣ್ಣೆ ಗಿರಣಿಗಳಿಂದಲೇ ಹೆಸರಾದ ಚಳ್ಳಕೆರೆಯಲ್ಲಿ ಎಣ್ಣೆಗೇನು ಕೊರತೆ? ಇಲ್ಲಿ ಹಗ್ಗದ ವಿದ್ಯೆ ಕಲಿಸುವ ಶಾಲೆ ತೆರೆಯುವುದು ಕಷ್ಟವಲ್ಲ. ಏಟು ಬಿದ್ದ ಮೇಲೆ ಮತ್ತೆ ಬಾಗಿಲು ತೆಗೆಯುವುದು ಕಷ್ಟ. ಆ ಏಟಿನ ಪೂರ್ತಿ ಭಾರವನ್ನು ಶಾಲೆ ನಡೆಸುವ ಒಬ್ಬರ ಹೆಗಲ ಮೇಲೆಯೇ ಬಿಟ್ಟಿದ್ದೇವೆ ಎಂಬುದು ನನ್ನ ಆಕ್ಷೇಪ.

ಈ ಎರಡು ತಾಲ್ಲೂಕುಗಳಲ್ಲಿ ಮೊದಲ ಏಟು ಬರಗಾಲದ್ದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಚಳ್ಳಕೆರೆ, ಮೊಳಕಾಲ್ಮೂರು ಆ ಪಟ್ಟಿಯಲ್ಲಿದ್ದವು. ಶೇಂಗಾ ಕೈಕೊಟ್ಟರೆ ಮನೆಮಂದಿ ಗುಳೆ ಹೊರಡುತ್ತಾರೆ, ಜೊತೆಗೆ ಮಕ್ಕಳೂ ಹೋಗುತ್ತಾರೆ. ಪಾಠ ತಪ್ಪಿದ ಮಗು ಮುಂದಿನ ವರ್ಷ ಪುಸ್ತಕ ತೆರೆದು ಓದಿಕೊಳ್ಳಬಹುದು. ಹಗ್ಗದ ವಿದ್ಯೆಗೆ ಆ ಸೌಲಭ್ಯವಿಲ್ಲ. ನಾಲ್ಕು ತಿಂಗಳು ಬಿಟ್ಟರೆ ಅಂಗೈ ಮೆತ್ತಗಾಗುತ್ತದೆ, ಹೆಬ್ಬೆರಳ ಸಂದಿಯ ಹಿಡಿತ ಸಡಿಲವಾಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಎತ್ತರದ ಅಂಜಿಕೆ ಮರಳುತ್ತದೆ. ಗುರು ಮತ್ತೆ ಮೊದಲ ಪಟ್ಟಿನಿಂದ ತೊಡಗಬೇಕು. ಬರ ಶಾಲೆಯ ಗೋಡೆ ಕೆಡವುವುದಿಲ್ಲ, ಕಲಿತ ಮೈಗಳನ್ನು ಕೊಂಡೊಯ್ಯುತ್ತದೆ. ಬರ ಪರಿಹಾರದ ಲೆಕ್ಕದಲ್ಲಿ ಬೆಳೆಗೆ, ಮೇವಿಗೆ, ಕುಡಿಯುವ ನೀರಿಗೆ ಜಾಗವಿದೆ. ಈ ನಷ್ಟಕ್ಕೆ ಅಲ್ಲಿ ಕಲಮೇ ಇಲ್ಲ.

ಎರಡನೆಯದು ಕೋವಿಡ್. 2020ರ ಮಾರ್ಚ್‌ನಲ್ಲಿ ಮುಚ್ಚಿದ ಜಿಮ್, ಯೋಗಕೇಂದ್ರಗಳಿಗೆ ಕೇಂದ್ರ ಸರ್ಕಾರ ತೆರೆಯಲು ಅನುಮತಿ ಕೊಟ್ಟದ್ದು ಆಗಸ್ಟ್ 5ರಿಂದ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಬೀಗ. ಅದೇ ಹೊತ್ತಿನಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರೂ ಆರ್ಡರ್ ಇಲ್ಲದೆ ಕೂತರು. ಆದರೆ ನೇಕಾರರಿಗೆ ಸಹಕಾರ ಸಂಘವಿದೆ, ಕೈಮಗ್ಗ ಇಲಾಖೆಯಿದೆ, ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಸಿಕ್ಕ ನೆರವು ಸಾಲದೇ ಹೋಗಿರಬಹುದು, ಅದನ್ನು ಹೋಗಿ ಕೇಳಲು ಒಂದು ಬಾಗಿಲಾದರೂ ಇತ್ತು. ಹಗ್ಗ ಕಲಿಸುವವರು ಕಲಾವಿದರ ಪಟ್ಟಿಯಲ್ಲೂ ಸುಲಭವಾಗಿ ಸೇರುವುದಿಲ್ಲ, ಕ್ರೀಡಾ ತರಬೇತುದಾರರ ಪಟ್ಟಿಯಲ್ಲೂ ಸೇರುವುದಿಲ್ಲ.

ಮೂರನೆಯದು ಬೀಳುವುದು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಒಂದು ಮಗು ಬಿದ್ದು ಕೈ ಮುರಿದುಕೊಂಡರೆ ಊರಿನ ನಂಬಿಕೆಯೂ ಮುರಿಯುತ್ತದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ ಎರಡು ಲಕ್ಷ ರೂಪಾಯಿ ಬರುತ್ತದೆ. ಆ ವಿಮೆ 18ರಿಂದ 70 ವರ್ಷದವರಿಗೆ ಮಾತ್ರ, ಆಸ್ಪತ್ರೆಯ ಖರ್ಚು ಅದರಲ್ಲಿ ಸೇರಿಲ್ಲ. ಹಗ್ಗ ಹಿಡಿಯುವ ಮಕ್ಕಳ ವಯಸ್ಸು ಎಂಟು, ಹತ್ತು, ಹದಿನಾಲ್ಕು. ಮೊಳಕಾಲ್ಮೂರಿನಿಂದ ಚಿತ್ರದುರ್ಗದ ಜಿಲ್ಲಾಸ್ಪತ್ರೆ ಸುಮಾರು 80 ಕಿ.ಮೀ. ದೂರ. ಆ ದಾರಿಯ ಖರ್ಚನ್ನೂ, ತಂದೆತಾಯಿಯ ಕೂಲಿ ನಷ್ಟವನ್ನೂ ಇವತ್ತು ತುಂಬಿಕೊಡಬೇಕಾದವರು ಕಲಿಸಿದವರೇ.

ಸುರಕ್ಷತೆಯ ಪಾಠವನ್ನು ಸರ್ಕಸ್ ನಮಗೆ ದುಬಾರಿ ಬೆಲೆಗೆ ಕಲಿಸಿದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ 92 ಮಂದಿ ಸತ್ತರು; ಹೆಚ್ಚಿನವರು ಮಕ್ಕಳು. 2011ರಲ್ಲಿ ಸುಪ್ರೀಂ ಕೋರ್ಟ್ ಸರ್ಕಸ್‌ಗಳಲ್ಲಿ ಮಕ್ಕಳನ್ನು ದುಡಿಸಬಾರದೆಂದಿತು. ಅದು ಸರಿಯಾದ ತೀರ್ಪು. ಆದರೆ ಹದಿನೆಂಟರ ನಂತರ ಮೊದಲ ಬಾರಿ ಹಗ್ಗ ಹಿಡಿದರೆ ಮೈ ಬಾಗುವುದು ಕಷ್ಟ. ಹಾಗಾಗಿ ದುಡಿಮೆಯ ನೆರಳು ಬೀಳದ ಕಲಿಕೆಗೆ ಶಾಲೆಯಂಗಳವೇ ಬೇಕು. ಸರ್ಕಸ್ಸಿನ ತವರು ತಲಶ್ಶೇರಿಯಲ್ಲಿ ಕೇರಳ ಸರ್ಕಾರ 2010ರಲ್ಲಿ ತೆರೆದ ಸರ್ಕಸ್ ಅಕಾಡೆಮಿ ಹೆಚ್ಚು ಕಾಲ ಬಾಳಲಿಲ್ಲ. ಕಟ್ಟಡಕ್ಕೊಂದು ಫಲಕ ಹಾಕಿ ಕೈತೊಳೆದುಕೊಂಡರೆ ಸಾಲದು.

ಒಬ್ಬ ವ್ಯಕ್ತಿಯ ಬಲದಿಂದ ನಿಂತ ಉದಾಹರಣೆಗಳು ಇಲ್ಲದಿಲ್ಲ. ನಮ್ಮ ಜಿಲ್ಲೆಯದೇ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ 1943ರಲ್ಲಿ ನೆಲೆನಿಂತು, ಜೋಳಿಗೆ ಹಿಡಿದು ಅನಾಥ ಸೇವಾಶ್ರಮ ಕಟ್ಟಿದರು. ಊರೂರು ತಿರುಗಿ ಯೋಗ, ವ್ಯಾಯಾಮ ಕಲಿಸಿದರು. 1996ರಲ್ಲಿ ಕಣ್ಮುಚ್ಚುವವರೆಗೂ ‘ತಿರುಕ’ನಾಗಿಯೇ ಉಳಿದರು. ಛತ್ತೀಸ್‌ಗಢದ ನಾರಾಯಣಪುರದಲ್ಲಿ, ಮಾವೋವಾದಿ ಸಂಘರ್ಷದ ನಡುವೆ, ಮನೋಜ್ ಪ್ರಸಾದ್ ಎಂಬ ಪೊಲೀಸ್ ಸಿಬ್ಬಂದಿ ಆದಿವಾಸಿ ಮಕ್ಕಳಿಗೆ ಮಲ್ಲಕಂಬ ಕಲಿಸಿದರು. ಅಬುಜ್‌ಮಾಡ್ ಮಲ್ಲಕಂಬ ಅಕಾಡೆಮಿಯ ಆ ತಂಡ 2023ರಲ್ಲಿ ‘ಇಂಡಿಯಾಸ್ ಗಾಟ್ ಟ್ಯಾಲೆಂಟ್’ ಗೆದ್ದಿತು. ಇಬ್ಬರಿಗೂ ಮನಸಾರೆ ನಮಿಸುತ್ತೇನೆ. ಆದರೆ ಪ್ರತಿ ತಾಲ್ಲೂಕಿಗೂ ಒಬ್ಬ ತಿರುಕ ಹುಟ್ಟಲಿ ಎಂದು ಕಾಯುವುದು ಯೋಜನೆಯಾಗಲಾರದು.

ನೆಲದ ಮಾತಿಗೆ ಬರುತ್ತೇನೆ. ಚಳ್ಳಕೆರೆಯ ಅಮೃತ ಮಹಲ್ ಕಾವಲಿನಲ್ಲಿ ಡಿಆರ್‌ಡಿಒಗೆ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಡಲಾಗಿದೆ; ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ, ಇಸ್ರೊಗೂ ಪಾಲು ಸಿಕ್ಕಿದೆ. 2016ರಿಂದ ಇಲ್ಲಿನ ಆಕಾಶದಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷೆ ನಡೆಯುತ್ತಿದೆ. ದೇಶಕ್ಕೆ ಅದು ಬೇಕಿರಬಹುದು. ಕಾವಲು ಕಳೆದುಕೊಂಡ ಕುರಿಗಾಹಿಗಳ ಮಕ್ಕಳಿಗೆ ಹಗ್ಗ ಕಟ್ಟಲು ಕಾಲು ಎಕರೆ ಕೇಳುವುದರಲ್ಲಿ ಅತಿಯಾಸೆ ಏನಿದೆ? ಬಾಡಿಗೆ ಶೆಡ್ಡಿನಲ್ಲಿ ನಡೆಯುವ ಶಾಲೆ ಮೂರು ತಿಂಗಳ ಬಾಡಿಗೆ ತಪ್ಪಿದರೆ ಮುಗಿಯಿತು. ಜಾಗ ಸಾರ್ವಜನಿಕವಾಗಿದ್ದರೆ ಗುರು ಜಡ್ಡುಬಿದ್ದರೂ ಹಗ್ಗ ಅಲ್ಲೇ ಇರುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಆಶ್ರಮ ಶಾಲೆ, ವಸತಿ ಶಾಲೆಗಳಿಗೆ ಹಣ ತರುವ ದಾರಿ ಇಲ್ಲಿನ ಶಾಸಕರಿಗೆ ಗೊತ್ತಿರುವಂಥದ್ದೇ. ಹಗ್ಗವನ್ನು ವಸತಿ ಶಾಲೆಯ ಅಂಗಳದಲ್ಲೇ ಕಟ್ಟಿದರೆ ಬರದ ಏಟು ಅರ್ಧ ತಪ್ಪುತ್ತದೆ: ಹೆತ್ತವರು ಗುಳೆ ಹೋದರೂ ಮಗು ಉಳಿಯುತ್ತದೆ, ಅಭ್ಯಾಸವೂ ಉಳಿಯುತ್ತದೆ. ಬೆಂಕಿಯ ಭಯ ಕಡಿಮೆಯಿರುವಂತೆ, ನಾಲ್ಕು ಬದಿ ತೆರೆದ, ತಗಡಿನ ಮಾಡಿನ ಚಪ್ಪರ ಸಾಕು. ಮಕ್ಕಳಿಗೆ ಆಸ್ಪತ್ರೆ ಖರ್ಚು ಸೇರಿದ ಗುಂಪು ವಿಮೆಯ ಕಂತನ್ನು ಇಲಾಖೆ ಕಟ್ಟಲಿ. ತೊಲೆ, ಹಗ್ಗ, ಹಾಸುಗಳನ್ನು ವರ್ಷಕ್ಕೆರಡು ಬಾರಿ ಎಂಜಿನಿಯರ್ ನೋಡಿ ಸಹಿ ಮಾಡಲಿ. ಮತ್ತು ಕಲಿಸಲು ಗದಗದಿಂದ ಮಲ್ಲಕಂಬದವರನ್ನು ಕರೆಸುವಾಗ, ಹಗ್ಗದ ನಡಿಗೆ ಬಲ್ಲ ಡೊಂಬ ಸಮುದಾಯದ ಹಿರಿಯರನ್ನೂ ಹುಡುಕಿ ಕರೆತರಬೇಕು. ತಟ್ಟೆಗೆ ಬೀಳುವ ಚಿಲ್ಲರೆಯ ಬದಲು ತಿಂಗಳ ಸಂಬಳ ಕೊಟ್ಟು, ಹಾಜರಿ ಪುಸ್ತಕದಲ್ಲಿ ಶಿಕ್ಷಕರೆಂದು ಅವರ ಹೆಸರು ಬರೆಯಬೇಕು.